ಬಿಪಿ ಎಷ್ಟು ಬಂತು?

ಇವತ್ತು ಭಾನುವಾರ. ಬೆಳಿಗ್ಗೆ 6.40ಕ್ಕೆ ನಮ್ಮ ಮನೆ ಬೆಲ್ ಆಯಿತು. ನಾನು ರಾತ್ರಿಯೆಲ್ಲ ಎರಡು ಸಿಸೇರಿಯನ್, ಒಂದು ಅಪೆಂಡಿಕ್ಸ್ ಮುಗಿಸಿ ಬಂದು ಹಾಸಿಗೆಗೆ ಬಿದ್ದಿದ್ದು 5.50ಕ್ಕೆ. ಅಂದರೆ ನಿದ್ದೆ ಐವತ್ತು ನಿಮಿಷ. ನಮ್ಮ ಬೆಲ್ ಹಕ್ಕಿ ಕೂಗುವ ನಮೂನೆಯದು. ಕೊಂಡಾಗ ಮುದ್ದಾಗಿತ್ತು. ಈಗ ಆ ಹಕ್ಕಿಯ ಕತ್ತು ಹಿಸುಕಬೇಕು ಅನ್ನಿಸುತ್ತದೆ.

ಬಾಗಿಲು ತೆಗೆದರೆ ಕೆಳಗಿನ ಮನೆ ರಾಯರು. ಎಡತೋಳಿನ ಅಂಗಿ ಆಗಲೇ ಭುಜದವರೆಗೆ ಮಡಚಿದೆ. ಕಂಕುಳಲ್ಲಿ ಬಿಪಿ ಯಂತ್ರದ ಡಬ್ಬಿ. ಕೈಯಲ್ಲಿ ಡೈರಿ, ಡೈರಿಗೆ ದಾರ ಕಟ್ಟಿದ ಪೆನ್ನು.

"ಎದ್ದಿದ್ದೀಯಾ ಡಾಕ್ಟ್ರೇ? ಮಲಗಿದ್ರೆ ಎಬ್ಬಿಸಬೇಡಿ ಅಂದಿದ್ಲು ನಮ್ಮವಳು. ಅದಕ್ಕೇ ಬೆಲ್ ಮಾಡಿ ನೋಡಿದೆ."

ಇದಕ್ಕೆ ಏನು ಉತ್ತರ ಹೇಳ್ತೀರಿ? ನಾನೂ ಏನೂ ಹೇಳಲಿಲ್ಲ. ಒಳಗೆ ಬನ್ನಿ ಅಂದೆ.

ರಾಯರು ಅನ್ನುವುದು ಅವರ ನಿಜವಾದ ಹೆಸರಲ್ಲ. ಅವರು ಒಪ್ಪಿದ ಮೇಲೇ ಹೆಸರು ಬದಲಿಸಿ ಬರೆಯುತ್ತಿದ್ದೇನೆ. "ಬರಿ, ಆದ್ರೆ ರೀಡಿಂಗ್ ಮಾತ್ರ ತಪ್ಪು ಹಾಕಬೇಡ" ಅಂದಿದ್ದಾರೆ. ಕೆಇಬಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಮೀಟರ್ ಲೆಕ್ಕ ನೋಡಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಓದೋದಕ್ಕೆ ಮೀಟರ್ ಇಲ್ಲ. ಮಗ ಹುಟ್ಟುಹಬ್ಬಕ್ಕೆ ಅಂತ ಬಿಪಿ ಯಂತ್ರ ಕಳಿಸಿದ. ಅಲ್ಲಿಗೆ ನನ್ನ ಭಾನುವಾರಗಳ ಕಥೆ ಮುಗಿಯಿತು.

ಯಂತ್ರ ಅವರದ್ದು. ತೋಳು ಅವರದ್ದು. ಬಟನ್ ಒತ್ತುವುದಕ್ಕೆ ಮಾತ್ರ ಒಬ್ಬ ಎಂಬಿಬಿಎಸ್, ಎಂಡಿ ಬೇಕು. "ಮನೇಲೇ ನೋಡ್ಕೋಬಹುದಲ್ಲ ಅಂಕಲ್, ಆಂಟಿ ಒತ್ತಲ್ವಾ?" ಅಂತ ಒಮ್ಮೆ ಮೆಲ್ಲಗೆ ಕೇಳಿದ್ದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. "ರೀಡಿಂಗ್ ತಗೋವಾಗ ಎರಡೂ ಪಾರ್ಟಿ ಎದುರಿಗೆ ಇರ್ಬೇಕಮ್ಮ. ಆಮೇಲೆ ತಕರಾರು ಬರಬಾರದು."

ನಾನು ಯಾವ ಪಾರ್ಟಿ ಅಂತ ಇನ್ನೂ ಗೊತ್ತಾಗಿಲ್ಲ.

ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಬೇಕು. ಅರ್ಧ ಗಂಟೆಯಿಂದ ಕಾಫಿ ಕುಡಿದಿರಬಾರದು. ಮಾತಾಡಬಾರದು. ಕಾಲ ಮೇಲೆ ಕಾಲು ಹಾಕಬಾರದು. ಮೂತ್ರ ಕಟ್ಟಿಕೊಂಡು ಕೂರಬಾರದು. ನಮ್ಮದು ಸರಸ್ವತಿಪುರದ ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ರಾಯರು ಕೆಳಗಿನ ಮನೆಯಲ್ಲಿ ಲೋಟದ ತುಂಬ ಸ್ಟ್ರಾಂಗ್ ಕಾಫಿ ಕುಡಿದು, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಬಂದು, ಕಾಲ ಮೇಲೆ ಕಾಲು ಹಾಕಿ ಕೂತು, ಕಾರ್ಪೊರೇಷನ್ನಿನವರು ಕಸ ಎತ್ತದ ವಿಷಯವನ್ನು ಜೋರು ದನಿಯಲ್ಲಿ ಶುರು ಮಾಡಿ, ತೋಳು ಮುಂದಕ್ಕೆ ಚಾಚುತ್ತಾರೆ. 152 ಬರುತ್ತದೆ. ಬರದೆ ಇನ್ನೇನು? ನಾನೇ ಅವರ ಮಾತು ಕೇಳಿದ ಮೇಲೆ ನೋಡಿಕೊಂಡರೆ 152 ಇರುತ್ತದೆ.

"ಜಾಸ್ತಿ ಬಂತಲ್ಲ ಡಾಕ್ಟ್ರೇ" ಅಂತಾರೆ. "ಮಾತಾಡದೆ ಐದು ನಿಮಿಷ ಕೂತ್ಕೊಳಿ, ಇನ್ನೊಂದ್ಸಲ ನೋಡೋಣ" ಅಂತೀನಿ. ಆ ಐದು ನಿಮಿಷ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಅವರು ಐದು ನಿಮಿಷ ವಿವರಿಸುತ್ತಾರೆ.

ಇಷ್ಟಾದರೂ ರಾಯರಿಗೆ ನಾನು ಡಾಕ್ಟರೋ ಅಲ್ಲವೋ ಅನ್ನುವ ಅನುಮಾನ ಹೋಗಿಲ್ಲ. ನಾನು ಅನಸ್ತೇಷಿಯಾ ಡಾಕ್ಟರು. ಕನ್ನಡದಲ್ಲಿ ಅರಿವಳಿಕೆ ತಜ್ಞೆ. ರಾಯರ ಕನ್ನಡದಲ್ಲಿ "ಪ್ರಜ್ಞೆ ತಪ್ಪಿಸೋ ಹುಡುಗಿ". ಮೊದಲ ಸಲ ಪರಿಚಯವಾದಾಗ ಕೇಳಿದ್ದರು: "ಸರಿ, ನೀನು ಇಂಜೆಕ್ಷನ್ ಕೊಡ್ತೀಯ. ಡಾಕ್ಟರು ಯಾರು?"

ಅವರೊಬ್ಬರನ್ನೇ ಅಂದು ಪ್ರಯೋಜನವಿಲ್ಲ. ಹದಿನೈದು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನನ್ನನ್ನು "ಸಿಸ್ಟರ್" ಅಂತಲೇ ಕರೆಯುತ್ತಾರೆ. ಸಿಸ್ಟರ್‌ಗಳ ಬಗ್ಗೆ ನನಗೆ ತಕರಾರಿಲ್ಲ, ಅವರಿಲ್ಲದಿದ್ದರೆ ಥಿಯೇಟರ್ ಅರ್ಧ ಗಂಟೆಯೂ ನಡೆಯಲ್ಲ. ಆದರೆ ನನ್ನ ಪಕ್ಕದಲ್ಲಿ ನಿಂತು ಸಿಲಿಂಡರ್ ಬದಲಿಸುವ ಹುಡುಗನನ್ನು ಮೀಸೆ ಇದೆ ಅನ್ನುವ ಒಂದೇ ಕಾರಣಕ್ಕೆ "ಡಾಕ್ಟ್ರೇ, ನೋವಾಗಲ್ವಾ?" ಅಂತ ಕೇಳುತ್ತಾರಲ್ಲ, ಅಲ್ಲಿ ಸ್ವಲ್ಪ ಉರಿಯುತ್ತದೆ. ಅವನಾದರೂ ನನ್ನ ಕಡೆ ಕೈ ತೋರಿಸಬೇಕೋ ಬೇಡವೋ? ಇಲ್ಲ. ಗಂಭೀರವಾಗಿ "ಏನೂ ಆಗಲ್ಲ" ಅಂತಾನೆ.

ನಾನು ಡಾಕ್ಟರಾಗಿದ್ದು ಹೇಗೆ ಅನ್ನುವುದಕ್ಕೆ ಅಮ್ಮನ ಹತ್ತಿರ ಒಂದು ಕಥೆ ಇದೆ. ನಾಲ್ಕನೇ ವಯಸ್ಸಿಗೇ ಗೊಂಬೆಯ ಕಾಲಿಗೆ ಬಟ್ಟೆ ಸುತ್ತಿ "ನೋವು ಹೋಯ್ತಾ?" ಅಂದಿದ್ದೆನಂತೆ. ಇದನ್ನು ಎಲ್ಲಾ ನಾಮಕರಣ, ಗೃಹಪ್ರವೇಶಗಳಲ್ಲಿ ಹೇಳುತ್ತಾಳೆ. ಆ ಗೊಂಬೆಯ ಕಾಲು ಮುರಿದಿದ್ದು ನಾನೇ ಅನ್ನುವುದನ್ನು ಬಿಡುತ್ತಾಳೆ.

ನಿಜ ಏನಂದರೆ ನನಗೆ ಗಣಿತ ಬರುತ್ತಿರಲಿಲ್ಲ. ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡಿದ್ದೆ. ಪ್ರಿಪರೇಟರಿಯಲ್ಲಿ ಗಣಿತಕ್ಕೆ 41 ಬಂತು. ಇಂಜಿನಿಯರಿಂಗ್ ಬಾಗಿಲು ಮುಚ್ಚಿತು, ಉಳಿದಿದ್ದು ಜೀವಶಾಸ್ತ್ರ. ತಿಪಟೂರಿನ ನಮ್ಮ ಮನೆಯಲ್ಲಿ ಇದಕ್ಕೆ "ಅವಳಿಗೆ ಸೇವೆ ಮಾಡೋ ಮನಸ್ಸಿದೆ" ಅಂತ ಹೆಸರಿಟ್ಟರು.

ಆಗ ನೀಟ್ ಇರಲಿಲ್ಲ, ಸಿಇಟಿ. ಕೌನ್ಸೆಲಿಂಗ್‌ಗೆ ಬೆಂಗಳೂರಿಗೆ ಹೋಗಬೇಕಿತ್ತು. ಅಪ್ಪ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ನನ್ನ ಇಡೀ ಜೀವನವನ್ನು, ಪ್ರತಿಯೊಂದಕ್ಕೂ ಐದೈದು ಜೆರಾಕ್ಸ್ ಮಾಡಿಸಿ, ಇಟ್ಟುಕೊಂಡಿದ್ದರು. ಖಾಲಿ ಉಳಿದ ಸೀಟುಗಳ ಸಂಖ್ಯೆ ಕಣ್ಣೆದುರಿಗೇ ಇಳಿಯುತ್ತಾ ಹೋಗುತ್ತಿತ್ತು. ಕೊಬ್ಬರಿ ಹರಾಜಿನಲ್ಲಿ ರೇಟು ಇಳಿಯುವಾಗ ಹೇಗೆ ಮುಖ ಮಾಡುತ್ತಿದ್ದರೋ ಹಾಗೇ ಅಪ್ಪ ಅದನ್ನು ನೋಡುತ್ತಾ ಕೂತಿದ್ದರು. ನನಗೆ ಮೈಸೂರು ಸಿಕ್ಕಿತು. 1924ರಲ್ಲಿ ಶುರುವಾದ ಕಾಲೇಜು ಅಂತ ತಿಳಿದ ಮೇಲೆ ಅಪ್ಪ ಊರಿಗೆಲ್ಲ ಹೇಳಿದ್ದು ಹೀಗೆ: "ನಮ್ಮಪ್ಪ ಹುಟ್ಟೋಕ್ ಮುಂಚೆ ಇರೋ ಕಾಲೇಜು."

ಮೊದಲ ವರ್ಷ ಸೀನಿಯರ್ ಹತ್ತಿರ ಕೊಂಡ ಮೂಳೆಗಳ ಸೆಟ್ಟನ್ನು ರಜೆಗೆ ಊರಿಗೆ ತಂದಿದ್ದೆ. ಅಜ್ಜಿ ಹೊಸ್ತಿಲು ದಾಟಿಸಲು ಬಿಡಲಿಲ್ಲ. ಕೊನೆಗೆ ರಾಜಿ ಆಗಿ, ಚೀಲ ಕೊಬ್ಬರಿ ಅಟ್ಟ ಹತ್ತಿತು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಆ ವರ್ಷದ ಕಾಯಿಗಳು ಯಾರದೋ ತೊಡೆಮೂಳೆಯ ಪಕ್ಕದಲ್ಲಿ ಮಲಗಿ ಒಣಗಿದವು. ಕೊಬ್ಬರಿ ಒಳ್ಳೇ ರೇಟಿಗೇ ಹೋಯಿತು. ಕೊಂಡವರಿಗೆ ನಾವು ಹೇಳಲಿಲ್ಲ.

ಅನಸ್ತೇಷಿಯಾಕ್ಕೆ ಬಂದಿದ್ದೂ ಹೀಗೇ, ಪಿಜಿ ರ‍್ಯಾಂಕ್ ಎಲ್ಲಿ ನಿಲ್ಲಿಸಿತೋ ಅಲ್ಲಿ ಇಳಿದೆ. ಬಂದ ಮೇಲೆ ಗೊತ್ತಾಯಿತು, ಇಲ್ಲಿರುವುದೆಲ್ಲ ಗಣಿತ. ಕಿಲೋಗೆ ಇಷ್ಟು ಮಿಲಿಗ್ರಾಂ, ನಿಮಿಷಕ್ಕೆ ಇಷ್ಟು ಲೀಟರ್, ಎಷ್ಟು ರಕ್ತ ಹೋಯಿತು, ಎಷ್ಟು ನೀರು ಕೊಟ್ಟೆ. 41 ತಗೊಂಡವಳು ಈಗ ಜೀವಂತ ಮನುಷ್ಯರ ಮೇಲೆ ಲೆಕ್ಕ ಮಾಡುತ್ತಿದ್ದೇನೆ. ಇದನ್ನು ಆಪರೇಷನ್‌ಗೆ ಮುಂಚೆ ಯಾರಿಗೂ ಹೇಳುವುದಿಲ್ಲ.

ಇಷ್ಟವಾಗಿದ್ದು ಆಮೇಲೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ನಿನಲ್ಲಿ ಮಾರ್ಟನ್ ಅನ್ನುವ ಹಲ್ಲಿನ ವೈದ್ಯ, ರೋಗಿಗೆ ಈಥರ್ ಮೂಸಿಸಿ, ಎಲ್ಲರೆದುರಿಗೆ ನೋವಿಲ್ಲದ ಆಪರೇಷನ್ ಮಾಡಿಸಿ ತೋರಿಸಿದ. ಅದಕ್ಕೆ ಮುಂಚೆ ರೋಗಿ ಕಿರುಚುತ್ತಿದ್ದರೆ ನಾಲ್ಕು ಜನ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಆ ನಾಲ್ಕು ಜನರ ಕೆಲಸವನ್ನು ಈಗ ನಾನೊಬ್ಬಳೇ ಮಾಡುತ್ತೇನೆ. ಸಂಬಳ ಮಾತ್ರ ಒಬ್ಬಳದ್ದು. ಮಾರ್ಟನ್ ಅವತ್ತು ಉಪಕರಣ ರೆಡಿ ಮಾಡಿಸಿಕೊಂಡು ತಡವಾಗಿ ಬಂದನಂತೆ, ಸರ್ಜನ್ ಕಾದು ಕಾದು ಇನ್ನೇನು ಶುರು ಮಾಡುವವರಿದ್ದರು. ನಮ್ಮ ಸರ್ಜನ್‌ಗಳಿಗೆ ಅರಿವಳಿಕೆಯ ಚರಿತ್ರೆಯಲ್ಲಿ ನೆನಪಿರುವುದು ಇದೊಂದೇ ಭಾಗ. ಅಕ್ಟೋಬರ್ 16 ವಿಶ್ವ ಅರಿವಳಿಕೆ ದಿನ. ನಾವು ಥಿಯೇಟರ್ ಹೊರಗೆ ಕೇಕ್ ಕತ್ತರಿಸುತ್ತೇವೆ. ಹೋದ ವರ್ಷ ಒಬ್ಬ ಸರ್ಜನ್ ಎರಡು ಪೀಸ್ ತಿಂದು, ಬಾಯಿ ಒರೆಸಿಕೊಂಡು, "ಯಾರದ್ದು ಬರ್ತ್‌ಡೇ?" ಅಂದರು.

ಈ ಕೆಲಸದ ಒಂದು ತೊಂದರೆ, ಅದು ಮನೆಗೂ ಬರುತ್ತದೆ. ಥಿಯೇಟರಿನ ಮಾನಿಟರ್ ಪ್ರತಿ ನಾಡಿಬಡಿತಕ್ಕೂ ಬೀಪ್ ಅನ್ನುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿದರೆ ಬೀಪ್‌ನ ಸ್ವರವೂ ಇಳಿಯುತ್ತದೆ. ಆ ಇಳಿಯುವ ಸ್ವರ ಕೇಳಿದರೆ ನನ್ನ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಮಗಳ ಆಟದ ಕಾರಿನ ಬ್ಯಾಟರಿ ಮುಗಿಯುತ್ತಾ ಬಂದು ಅದು ಹೀಗೇ ರಾಗ ಇಳಿಸಿತು ನೋಡಿ, ನಾನು ಸಾರಿನ ಸೌಟು ಹಿಡಿದೇ ಹಾಲ್‌ಗೆ ಓಡಿದ್ದೆ. ಮದುವೆಗೆ ಹೋದರೆ ಎಲ್ಲರೂ ವರನ ಸೂಟ್ ನೋಡುತ್ತಾರೆ, ನಾನು ಕುತ್ತಿಗೆ ನೋಡುತ್ತೇನೆ. ಗಿಡ್ಡ ಕುತ್ತಿಗೆ, ಸಣ್ಣ ಗದ್ದ, ಉಸಿರಾಟದ ಟ್ಯೂಬ್ ಹಾಕೋದು ಕಷ್ಟ. ಪಾಪ, ಅವನು ನಗುತ್ತಾ ಫೋಟೋಗೆ ನಿಂತಿರುತ್ತಾನೆ.

ನನ್ನ ಗಂಡನಿಗೆ ಇದ್ಯಾವುದೂ ತಟ್ಟುವುದಿಲ್ಲ. ನನ್ನ ಸಹಾಯವಿಲ್ಲದೆ, ಒಂದು ಮಿಲಿಗ್ರಾಂ ಔಷಧಿಯೂ ಇಲ್ಲದೆ, ಇಷ್ಟು ಗಾಢವಾಗಿ ನಿದ್ದೆ ಮಾಡುವ ಇನ್ನೊಬ್ಬ ಮನುಷ್ಯನನ್ನು ನಾನು ವೃತ್ತಿಯಲ್ಲಿ ನೋಡಿಲ್ಲ. ಇವತ್ತೂ ಹಕ್ಕಿ ಕೂಗುತ್ತಿತ್ತು, ಅವರು ಮಗ್ಗುಲು ಬದಲಿಸಿದರು.

ಇನ್ನು ಖಾಲಿ ಹೊಟ್ಟೆಯ ಕಥೆ. ಆಪರೇಷನ್‌ಗೆ ಕಡೇಪಕ್ಷ ಆರು ಗಂಟೆ ಮುಂಚಿನಿಂದ ಏನೂ ತಿಂದಿರಬಾರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ "ಊಟ ಮಾಡಿದ್ರಾ?" ಅಂತ ಕೇಳುತ್ತಿದ್ದೆ. ಎಲ್ಲರೂ "ಇಲ್ಲ ಸಿಸ್ಟರ್" ಅನ್ನುತ್ತಿದ್ದರು. ಸತ್ಯವೇ. ಊಟ ಅಂದರೆ ಮುದ್ದೆ, ಅನ್ನ, ಸಾರು. ನಾಲ್ಕು ಇಡ್ಲಿ ತಿಂದಿದ್ದರೆ ಅದು ತಿಂಡಿ, ಊಟ ಹೇಗಾಗುತ್ತದೆ? ಆಮೇಲೆ "ಊಟ, ತಿಂಡಿ ಏನಾದ್ರೂ?" ಅಂತ ಕೇಳಲು ಶುರು ಮಾಡಿದೆ. ಒಬ್ಬರು ಎರಡಕ್ಕೂ ಇಲ್ಲ ಅಂದು, ಟೇಬಲ್ ಮೇಲೆ ಮಲಗಿದ ಮೇಲೆ ಬಾಳೆಹಣ್ಣು ತಿಂದಿದ್ದನ್ನು ಒಪ್ಪಿಕೊಂಡರು. "ಅದು ಪ್ರಸಾದ" ಅಂದರು. ಈಗ ಪಟ್ಟಿ ಓದುತ್ತೇನೆ: ಊಟ, ತಿಂಡಿ, ಕಾಫಿ, ಹಾಲು, ಹಣ್ಣು, ಬಿಸ್ಕತ್ತು, ಪ್ರಸಾದ. ದರ್ಶಿನಿ ಹೋಟೆಲಿನ ಮಾಣಿಯ ಹಾಗೆ.

ಅಪ್ಪ ಕೂಡ ತುಂಬಾ ವರ್ಷ ನಾನು ಇಂಜೆಕ್ಷನ್ ಕೊಟ್ಟು ಮನೆಗೆ ಬರುತ್ತೇನೆ ಅಂದುಕೊಂಡಿದ್ದರು. "ಐದು ನಿಮಿಷದ ಕೆಲಸಕ್ಕೆ ಇಡೀ ದಿನ ಯಾಕೆ ಇಟ್ಕೋತಾರೆ?" ಅಂತ ಅಮ್ಮನ ಹತ್ತಿರ ಕೇಳುತ್ತಿದ್ದರಂತೆ. ಆಮೇಲೆ ಅವರದ್ದೇ ಪ್ರಾಸ್ಟೇಟ್ ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಎಚ್ಚರವಾಗೇ ಇದ್ದರು. ನನ್ನ ಜೂನಿಯರ್ ಹುಡುಗಿಯೊಬ್ಬಳು ಪೂರ್ತಿ ಹೊತ್ತು ಅವರ ತಲೆ ಹತ್ತಿರ ನಿಂತಿದ್ದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ನೆಂಟರ ಜಾಗದಲ್ಲಿ. ಸಂಜೆ ವಾರ್ಡಿನಲ್ಲಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ನೀನೂ ಹಂಗೇ ನಿಂತಿರ್ತೀಯಾ? ಕಾಲು ನೋಯಲ್ವಾ?"

ನೋಯಲ್ಲ ಅಂದೆ. ಅಪ್ಪ ಈಗ ಇಲ್ಲ. ಕಾಲು ನೋಯುತ್ತದೆ.

ಸರಿ, ರಾಯರ ವಿಷಯಕ್ಕೆ ಬರೋಣ. ಇವತ್ತು ನನಗೆ ಇಷ್ಟು ಸಿಟ್ಟು ಬರಲು ಬೆಲ್ ಒಂದೇ ಕಾರಣ ಅಲ್ಲ.

ಎರಡು ತಿಂಗಳ ಹಿಂದೆ ರಾಯರಿಗೆ ಹರ್ನಿಯಾ ಆಪರೇಷನ್ ಆಯಿತು, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಮುಂಚಿನ ತಪಾಸಣೆ ಮಾಡಿದ್ದು ನನ್ನ ಸಹೋದ್ಯೋಗಿ. ಆಪರೇಷನ್ ದಿನ ಅವರ ಮಗುವಿಗೆ ಜ್ವರ ಬಂದು, ಲಿಸ್ಟ್ ನನಗೆ ಬಂತು. ಒಳಗೆ ಹೋದರೆ ಟೇಬಲ್ ಮೇಲೆ ರಾಯರು. ಕನ್ನಡಕ ತೆಗೆಸಿದ್ದಾರೆ, ಕಟ್ಟಿಸಿದ ಹಲ್ಲು ತೆಗೆಸಿದ್ದಾರೆ, ಡೈರಿಯನ್ನೂ ಕಿತ್ತುಕೊಂಡಿದ್ದಾರೆ. ನಾನು ಟೋಪಿ, ಮಾಸ್ಕ್ ಹಾಕಿದ್ದೆ.

"ಅಂಕಲ್, ನಾನು, ಮೇಲಿನ ಮನೆ" ಅಂದೆ.

"ಮೇಲಿನ ಮನೆಯವಳು ಗೊತ್ತಾ ಸಿಸ್ಟರ್ ನಿಮಗೆ? ಅವಳೂ ಇಲ್ಲೇ ಎಲ್ಲೋ ಇಂಜೆಕ್ಷನ್ ಕೊಡ್ತಾಳಂತೆ."

ಇನ್ನೊಂದು ಸಲ ಹೇಳುವಷ್ಟರಲ್ಲಿ ಅವರ ತೋಳಿಗೆ ಸುತ್ತಿದ್ದ ಪಟ್ಟಿ ಗುರ್ ಅಂತ ಬಿಗಿಯಿತು. ರಾಯರ ಮುಖ ಬದಲಾಯಿತು. "ಬಿಪೀನಾ? ಎಷ್ಟು ಬಂತು?"

"160."

"ಗಾಬರಿಗೆ ಬಂದಿರತ್ತೆ. ಇನ್ನೊಂದ್ಸಲ ನೋಡ್ತೀರಾ?"

"ಅದೇ ನೋಡ್ತಾ ಇರತ್ತೆ ಅಂಕಲ್. ಮೂರು ನಿಮಿಷಕ್ಕೊಂದ್ಸಲ."

ಮೂರು ನಿಮಿಷಕ್ಕೊಂದು ಸಲ! ಅವರ ಮುಖದ ಮೇಲೆ ಆ ಕ್ಷಣ ಕಂಡ ಸಂತೋಷವನ್ನು ನಾನು ಮದುಮಕ್ಕಳ ಮುಖದಲ್ಲೂ ನೋಡಿಲ್ಲ. ಬದುಕಿಡೀ ತಿಂಗಳಿಗೊಂದು ರೀಡಿಂಗ್ ನೋಡಿದ ಮನುಷ್ಯ. ಆಪರೇಷನ್ ಭಯ ಅಲ್ಲಿಗೇ ಹೋಯಿತು. ದಿಂಬು ತಬ್ಬಿಕೊಂಡು ಬೆನ್ನು ಬಗ್ಗಿಸಿ ಕೂತರು, ಬೆನ್ನಿಗೆ ಸೂಜಿ ಹಾಕಿದೆ, ಹಾ ಅನ್ನಲಿಲ್ಲ. ಅವರ ಕಿವಿಯೆಲ್ಲ ತೋಳಿನ ಮೇಲಿತ್ತು.

ಮಲಗಿಸಿ, ಹಸಿರು ಬಟ್ಟೆ ಅಡ್ಡ ಕಟ್ಟಿ, ಸರ್ಜನ್ ಆ ಕಡೆ ಶುರು ಮಾಡಿದರು. ಈ ಕಡೆ ನಾನು ಮತ್ತು ರಾಯರು. ಗುರ್.

"ಎಷ್ಟು ಬಂತು ಸಿಸ್ಟರ್?"

"134."

"ಭೇಷ್. ಕೆಳಗಿಂದು?"

"82."

ಮೂರು ನಿಮಿಷ. ಗುರ್. "118" ಅಂದೆ. "ಇಳೀತಾ ಇದೆ, ಇಳೀತಾ ಇದೆ" ಅಂತ ಕುದುರೆ ರೇಸಿನಲ್ಲಿ ದುಡ್ಡು ಕಟ್ಟಿದವರ ಹಾಗೆ ಪಿಸುಗುಟ್ಟಿದರು. ಬೆನ್ನಿಗೆ ಕೊಟ್ಟ ಔಷಧಿಗೆ ಕಾಲಿನ ರಕ್ತನಾಳಗಳು ಸಡಿಲವಾಗಿ ಬಿಪಿ ಇಳಿಯುವುದು ಮಾಮೂಲು. ಅದಕ್ಕೇ ನಾವು ಕಣ್ಣು ಮಿಟುಕಿಸದೆ ನಿಂತಿರುತ್ತೇವೆ. ಮುಂದಿನ ಸಲ 98 ಬಂತು. ನಾನು ಇಂಜೆಕ್ಷನ್‌ಗೆ ಕೈ ಹಾಕಿದೆ.

"ಎಷ್ಟು?"

"98, 60."

"ತೊಂಬತ್ತೆಂಟಾ! ಸಿಸ್ಟರ್, ನನ್ನ ಜೀವಮಾನದಲ್ಲಿ ಎರಡಂಕಿ ಬಂದಿಲ್ಲ! ಬರ್ಕೊಳಿ, ಟೈಮ್ ಹಾಕಿ ಬರ್ಕೊಳಿ!"

"ಯಾರದು ಬಿಂಗೋ ಆಡ್ತಿರೋದು?" ಅಂತ ಬಟ್ಟೆಯ ಆ ಕಡೆಯಿಂದ ಸರ್ಜನ್ ಕೇಳಿದರು.

ಔಷಧಿ ಕೊಟ್ಟೆ, 122ಕ್ಕೆ ಬಂತು. ರಾಯರಿಗೆ ಬೇಜಾರಾಯಿತು. "ಇನ್ನೊಂದ್ಸಲ ಇಳಿಸೋಕೆ ಆಗಲ್ವಾ?" ಅಂದರು. ಸರ್ಜನ್ ಕಡೆಯಿಂದ "ಪೇಷಂಟ್ ಸ್ವಲ್ಪ ಅಲ್ಲಾಡ್ತಿದ್ದಾರೆ" ಅಂತ ಬಂತು. ಒಂದು ಮಿಲಿಗ್ರಾಂ ಮಿಡಜೊಲಾಂ ಕೊಟ್ಟೆ. ಕಣ್ಣು ಅರ್ಧ ಮುಚ್ಚಿತು, ನಾಲಿಗೆ ದಪ್ಪವಾಯಿತು. ನಾನು ಬಗ್ಗಿ, ಮಾಸ್ಕ್ ಮೇಲೇ, "ಅಂಕಲ್, ನಾನು, ಮೇಲಿನ ಮನೆಯವಳು" ಅಂತ ಮತ್ತೊಂದು ಸಲ ಹೇಳಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಓ... ನೀನಾ! ಆವಾಗಿಂದ ನೀನೇ ನಿಂತಿದ್ದೀಯೇನೇ?" ಅಂದರು. ಕೈ ಹುಡುಕಿಕೊಂಡು ಬಂದು ನನ್ನ ಗ್ಲೌಸ್ ಹಿಡಿಯಿತು. "ನೀನು ನಿಜವಾದ ಡಾಕ್ಟ್ರೇ ಕಣಮ್ಮ. ನಾನು ಏನೋ ಅಂದ್ಕೊಂಡಿದ್ದೆ."

ಮಾಸ್ಕ್ ಇದ್ದಿದ್ದು ಒಳ್ಳೇದಾಯಿತು.

ಆದರೆ ಮಿಡಜೊಲಾಂ ಎಂಥ ಔಷಧಿ ಅಂದರೆ, ಕೊಟ್ಟ ಮೇಲಿನದ್ದು ಸಾಮಾನ್ಯವಾಗಿ ನೆನಪಿರುವುದಿಲ್ಲ. ಕೊಡುವ ಮುಂಚಿನದ್ದು ಎಲ್ಲಾ ನೆನಪಿರುತ್ತದೆ. ಕೊಟ್ಟವಳು ನಾನೇ. ಯಾರನ್ನು ಬೈಯಲಿ?

ಡಿಸ್ಚಾರ್ಜ್ ಕಾಗದದಲ್ಲಿ ನನ್ನ ಹೆಸರಿದೆ, ರಾಯರು ಅದರಲ್ಲಿ ಓದಿದ್ದು ಬಿಪಿ ಮಾತ್ರ. ಆಂಟಿಗೆ ನಾನೇ ಹೇಳಿದ್ದೆ. ಆಂಟಿ ರಾಯರಿಗೆ ಹೇಳಿ ನೋಡಿದ್ದಾರೆ. "ನಂಬಲಿಲ್ಲ ಕಣೇ. ಅವಳು ಅಷ್ಟು ಚೆನ್ನಾಗಿ ಬಿಪಿ ನೋಡಲ್ಲ ಅಂದ್ರು."

ಇನ್ನು ಮೂರು ಮಹಡಿ ಹತ್ತಬಹುದು ಅಂತ ಸರ್ಜನ್ ಅಂದಿದ್ದೇ ತಡ, ರಾಯರು ಇವತ್ತು ಬಂದರು. ಕಾಫಿ ಕುಡಿದು, ಏದುಸಿರು ಬಿಡುತ್ತಾ, ಕಾಲ ಮೇಲೆ ಕಾಲು ಹಾಕಿ. ನಿದ್ದೆಗಣ್ಣಿನಲ್ಲೇ ಪಟ್ಟಿ ಸುತ್ತಿ ಬಟನ್ ಒತ್ತಿದೆ. ಡೈರಿಯ ಬಿಚ್ಚಿದ ಪುಟದಲ್ಲಿ ಕೆಂಪು ಇಂಕಿನಲ್ಲಿ 98/60 ಅಂತ ದೊಡ್ಡದಾಗಿ ಬರೆದು ಚೌಕ ಹಾಕಿತ್ತು. ಯಂತ್ರ 156 ತೋರಿಸಿತು.

ರಾಯರು ಅಂಕಿ ನೋಡಿದರು, ಕೆಂಪು ಚೌಕ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬೇಜಾರ್ ಮಾಡ್ಕೋಬೇಡ" ಅಂದರು. "ಆಪರೇಷನ್ ದಿನ ಅಲ್ಲೊಬ್ಬಳು ಸಿಸ್ಟರ್ ಇದ್ಲು. ಪಾಪ, ಪಕ್ಕದಿಂದ ಅಲ್ಲಾಡಲಿಲ್ಲ. ಎಷ್ಟು ಚೆನ್ನಾಗಿ ನೋಡಿದ್ಲು ಅಂತೀಯ! ನೀನೂ ಅಲ್ಲೇ ಇರ್ತೀಯಲ್ಲ, ಪುರುಸೊತ್ತಾದಾಗ ಸ್ವಲ್ಪ ಅವಳ ಹತ್ರ ಕಲ್ತುಕೋ. ನೀನು ನೋಡಿದ್ರೆ ಯಾವಾಗ್ಲೂ ಜಾಸ್ತೀನೇ ಬರತ್ತೆ."